ಮುಟ್ಟಬೇಡ

ನಮ್ಮ ಮನೆಗಳಲ್ಲಿ ಶಿಶುವಿನ ಕಿವಿಗೆ ದಿನಕ್ಕೆ ಹಲವು ಬಾರಿ ಬೀಳುವ ಮಾತು ‘ಮುಟ್ಟಬೇಡ’ ಎಂಬುದು. ಈ ನಿಷೇಧವು ಮಗುವಿನ ಹಿತಕ್ಕಾಗಿಯೋ ನಮ್ಮ ಸೌಕರ್ಯಕ್ಕಾಗಿಯೋ ಎಂದು ಕೇಳಿಕೊಳ್ಳುವವರು ವಿರಳ. ಉರಿಯುವ ಒಲೆಯಿಂದ ಕೈಯನ್ನು ಹಿಂದೆಳೆಯುವುದು ಪ್ರೇಮ. ನೆಲ ಒದ್ದೆಯಾದೀತೆಂದು ನೀರಿನ ತಂಬಿಗೆಯಿಂದ ಎಳೆಯುವುದೂ ಪ್ರೇಮವೆ? ಎರಡಕ್ಕೂ ಒಂದೇ ಗದರಿಕೆಯನ್ನು ಬಳಸುತ್ತ ಬಂದುದರಿಂದ ಭೇದವು ನಮಗೇ ಮರೆತುಹೋಗಿದೆ.

1907ನೆಯ ಇಸವಿ ಜನವರಿ 6ರಂದು ರೋಮ್ ನಗರದ ಸಾನ್ ಲೊರೆನ್ಜೊ ಎಂಬ ಬಡವರ ಕೇರಿಯಲ್ಲಿ ವೈದ್ಯೆಯಾದ ಮರಿಯಾ ಮಾಂಟೆಸ್ಸೊರಿಯವರು ‘ಮಕ್ಕಳ ಮನೆ’ಯನ್ನು ತೆರೆದರು. ತಾಯಿತಂದೆಗಳು ಕೆಲಸಕ್ಕೆ ಹೋದಾಗ ಮಕ್ಕಳು ಗೋಡೆಗಳನ್ನು ಕೆಡಿಸಬಾರದೆಂಬುದು ಕಟ್ಟಡದ ಒಡೆಯರ ಚಿಂತೆ. ಅಂದರೆ ಆ ಮನೆಯೂ ‘ಮುಟ್ಟಬೇಡ’ ಎಂಬುದರಿಂದಲೇ ಹುಟ್ಟಿತು. ಆದರೆ ಅಲ್ಲಿ ಮಕ್ಕಳಿಗೆ ಮುಟ್ಟಲೆಂದೇ ವಸ್ತುಗಳು ದೊರೆತವು: ಮರಳುಕಾಗದದಲ್ಲಿ ಕತ್ತರಿಸಿದ ಅಕ್ಷರಗಳು, ಹತ್ತು ಕುಳಿಗಳ ಮರದ ತುಂಡು, ಕುಳಿಗೊಂದರಂತೆ ಹತ್ತು ಉರುಳೆಗಳು.

ಒಂದು ಉರುಳೆಯನ್ನು ತಪ್ಪಾದ ಕುಳಿಯಲ್ಲಿಟ್ಟರೆ ಕೊನೆಗೆ ಒಂದು ನೆಲೆಯಿಲ್ಲದೆ ಉಳಿಯುವುದು. ತಪ್ಪನ್ನು ಹೇಳಿದವರು ಯಾರು? ಗುರುವೂ ಹೇಳಲಿಲ್ಲ, ಬೆತ್ತವೂ ಹೇಳಲಿಲ್ಲ, ವಸ್ತುವೇ ಹೇಳಿತು. ಇದರಲ್ಲಿ ಬೋಧನಕ್ರಮದೊಡನೆ ನೀತಿಯೂ ಅಡಗಿದೆಯೆಂದು ನನಗೆ ತೋರುವುದು. ಸರಿತಪ್ಪುಗಳನ್ನು ಹಿರಿಯರ ಮುಖದಲ್ಲಿ ಮಾತ್ರ ಓದಲು ಕಲಿತ ಮಗುವು ಮೆಚ್ಚಿಸುವುದನ್ನು ಕಲಿಯುವುದು. ಹಿರಿಯರಿಲ್ಲದೆಡೆ ಅದಕ್ಕೆ ತಪ್ಪೆಂಬುದೇ ಇಲ್ಲ. ವಸ್ತುವಿನಿಂದ ಕಲಿತ ಮಗುವೋ ಯಾರೂ ನೋಡದಿದ್ದರೂ ತಿದ್ದಿಕೊಳ್ಳುವುದು. ಸತ್ಯನಿಷ್ಠೆಗೆ ಇದಕ್ಕಿಂತ ಮೊದಲಿನ ಪಾಠವುಂಟೆ?

ಮಾಂಟೆಸ್ಸೊರಿಯವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧಕಾಲವನ್ನು ನಮ್ಮ ದೇಶದಲ್ಲಿಯೇ ಕಳೆದು, ಅನೇಕ ಉಪಾಧ್ಯಾಯರನ್ನು ಸಿದ್ಧಗೊಳಿಸಿದರು. ಅವರ ಬೆಲೆಯುಳ್ಳ ಸಲಕರಣೆಗಳು ಮನೆಯಲ್ಲಿಲ್ಲವೆಂದು ಕೊರಗಬೇಕಾಗಿಲ್ಲ. ಅವರೆಕಾಯಿ ಸುಲಿಯುವುದು, ರಾಗಿಯ ರಾಶಿಯಲ್ಲಿ ಕೈಯಾಡಿಸುವುದು, ಡಬ್ಬಿಗೆ ತಕ್ಕ ಮುಚ್ಚಳವನ್ನು ಹುಡುಕುವುದು, ಇವೂ ಪಾಠಗಳೇ. ತಪ್ಪಿದ ಮುಚ್ಚಳವು ಕೂಡುವುದಿಲ್ಲವಷ್ಟೆ.

‘ಇದೆಲ್ಲ ಸರಿ, ಚೆಲ್ಲಿದ್ದನ್ನು ಬಳಿಯುವವರಾರು?’ ಎಂದು ಗೃಹಿಣಿಯರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಕಾಳನ್ನು ಬಾಯಿಗೋ ಮೂಗಿಗೋ ಹಾಕಿಕೊಳ್ಳದಂತೆ ಬಳಿಯಲ್ಲಿ ಕುಳಿತಿರುವವರೂ ಬೇಕು. ಮಗುವಿನ ಸ್ವಾತಂತ್ರ್ಯಕ್ಕಾಗಿ ಯಾರಾದರೂ ತಮ್ಮ ಹೊತ್ತನ್ನು ಬೆಲೆಯಾಗಿ ತೆರಲೇಬೇಕು. ಆ ಬೆಲೆಯನ್ನು ತಾಯಿಯೊಬ್ಬಳ ಮೇಲೆ ಹೊರಿಸಿ, ವೃತ್ತಪತ್ರಿಕೆಯ ಮರೆಯಿಂದ ಸ್ವಾತಂತ್ರ್ಯವನ್ನು ಹೊಗಳುವ ನಮ್ಮಂಥ ಗಂಡಸರ ಮಾತಿನಲ್ಲಿ ಹುರುಳಿಲ್ಲ. ಚೆಲ್ಲಿದ ಮಗುವಿನ ಕೈಗೂ ಒಂದು ಬಟ್ಟೆಯ ಚೂರನ್ನು ಕೊಡಬಹುದು. ಒರಸುವುದೂ ಅದಕ್ಕೆ ಆಟವೇ.

ಆದುದರಿಂದ ‘ಮುಟ್ಟಬೇಡ’ ಎನ್ನುವ ಮೊದಲು ಒಂದು ಗಳಿಗೆ ತಡೆದು, ಈಗ ಕಾಪಾಡಬೇಕಾದುದು ಮಗುವನ್ನೋ ನೆಲವನ್ನೋ ಎಂದು ಕೇಳಿಕೊಳ್ಳೋಣ. ನೆಲವನ್ನಾದರೆ, ನಾವೂ ಮಗುವಿನ ಪಕ್ಕದಲ್ಲಿ ಕುಳಿತು ಒರಸೋಣ.