ವಾರಿಯ ದಾರಿಯಲ್ಲಿ ಊರಿನ ನಲ್ಲಿ

ಆಷಾಢ ಏಕಾದಶಿಗೆ ಪಂಢರಪುರ ಸೇರಲೆಂದು ದೇಹುವಿನಿಂದ ಹೊರಡುವ ಸಂತ ತುಕಾರಾಮರ ಪಾಲಕಿ ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ತಂಗುತ್ತದೆ. ಪಾಲಕಿಯೊಡನೆ ಕಾಲ್ನಡಿಗೆಯಲ್ಲಿ ಸಾಗುವ ಈ ಯಾತ್ರೆಯೇ ವಾರಿ. ತಂಗುವ ದಿನ ಅದರ ಯಾತ್ರಿಕರಾದ ವಾರಕರಿಗಳಿಗೆ ಬೇಕಾದ ನೀರು, ಶೌಚಾಲಯ, ಚಿಕಿತ್ಸೆ ಭಕ್ತಿಗೆ ಆಡಳಿತ ಸಲ್ಲಿಸುವ ಕಾಣಿಕೆಯೇ, ಮನುಷ್ಯನಿಗೆ ಸಲ್ಲಲೇಬೇಕಾದ ಸೇವೆಯೇ? ಎರಡನೆಯದೆಂದೇ ನನ್ನ ವಾದ. ಸಂವಿಧಾನದ 27ನೇ ವಿಧಿ ಒಂದು ಧರ್ಮದ ಪ್ರಚಾರಕ್ಕೆಂದೇ ತೆರಿಗೆ ಎತ್ತುವುದನ್ನು ಒಪ್ಪುವುದಿಲ್ಲ, ನಿಜ. ಆದರೆ 1992ರ 74ನೇ ತಿದ್ದುಪಡಿ ತಂದ 12ನೇ ಅನುಸೂಚಿ ನೀರು, ನೈರ್ಮಲ್ಯ, ಸಾರ್ವಜನಿಕ ಆರೋಗ್ಯವನ್ನು ನಗರಾಡಳಿತದ ಹೊಣೆಗಳಲ್ಲಿ ಎಣಿಸುತ್ತದೆ. ಬಾಯಾರಿದವನ ನಂಬಿಕೆಯನ್ನು ಅದು ಕೇಳುವುದಿಲ್ಲ. ಕಾಲರಾ ಕೂಡ ತುಳಸಿಮಾಲೆ ಕಂಡು ದೂರ ಸರಿಯುವುದಿಲ್ಲ.

ಭಕ್ತರೇ ಅರವಟ್ಟಿಗೆ ಇಡಲಿ ಎನ್ನುವವರಿದ್ದಾರೆ. ಇಡಲಿ, ಅದು ಪುಣ್ಯದ ಕೆಲಸ. ಆದರೆ ದಾನಿಗೆ ಕೊಡದಿರುವ ಸ್ವಾತಂತ್ರ್ಯವಿದೆ, ಆಡಳಿತಕ್ಕಿಲ್ಲ. ನಮ್ಮ ಶರಣರು ದಾಸೋಹವನ್ನು ದಾನದಿಂದ ಬೇರೆಯಾಗಿ ಕಂಡದ್ದೂ ಕೊಡುವವನ ಹಮ್ಮು ಕಳೆಯಲೆಂದೇ. ಬಹುಸಂಖ್ಯಾತರ ಜಾತ್ರೆಗೆ ಮಾತ್ರ ಈ ಔದಾರ್ಯವೇ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಉರುಸಿಗೂ ಅಂಬೇಡ್ಕರ್ ಜಯಂತಿಗೂ ಅದೇ ನೀರು ಹರಿದರೆ ಮಾತ್ರ ಅದಕ್ಕೆ ಉತ್ತರ ಸಿಕ್ಕೀತು. ಪಾಲಕಿ ಮುಂದೆ ಸಾಗಿದ ಮೇಲೆ ಬೀದಿ ಗುಡಿಸುವ ಪೌರಕಾರ್ಮಿಕರನ್ನೂ ಮರೆಯುವಂತಿಲ್ಲ. ಕೈಯಿಂದ ಮಲ ಬಾಚಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ವಿಠ್ಠಲನ ಹೆಸರಿನಲ್ಲಿ ನಡೆಯುವವರು ಆ ಕೈಗಳಿಗೆ ಗವಸು, ಸಕಾಲಕ್ಕೆ ಕೂಲಿ ಸಿಗಲೆಂದು ಮೊದಲು ಕೇಳಬೇಕು.