ಸೋತವರ ಪಾಲಿನ ಚರಿತ್ರೆ

ಹಿರೇನಲ್ಲೂರಿನ ನಮಗೆ, 1978ರ ಚಿಕ್ಕಮಗಳೂರು ಉಪಚುನಾವಣೆಯೆಂದರೆ ಇಂದಿರಾ ಗಾಂಧಿ ಗೆದ್ದ ಕಥೆ. ಎದುರಿಗೆ ನಿಂತು ಸೋತವರು ಜನತಾ ಪಕ್ಷದ ವೀರೇಂದ್ರ ಪಾಟೀಲರು. 1968ರಿಂದ 1971ರವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು. ಅಂತರ 77 ಸಾವಿರಕ್ಕೂ ಹೆಚ್ಚು ಮತ.

ಪಾಟೀಲರೇ ಗೆದ್ದಿದ್ದರೆ? ಹೀಗೆ ಕೇಳಿದೊಡನೆ ನಮ್ಮ ಕಲ್ಪನೆ ದೆಹಲಿಗೆ ಓಡುತ್ತದೆ. ಆ ಡಿಸೆಂಬರಿನಲ್ಲಿ ಲೋಕಸಭೆಯಿಂದ ಇಂದಿರಾ ಅವರ ಉಚ್ಚಾಟನೆ ಇರುತ್ತಿರಲಿಲ್ಲ. 1980ರಲ್ಲಿ ಅವರು ಮತ್ತೆ ಪ್ರಧಾನಿಯಾಗುತ್ತಿದ್ದರೋ ಇಲ್ಲವೋ! ಪಾಟೀಲರನ್ನು ಗೆಲ್ಲಿಸಿದ ಕಥೆಯಲ್ಲೂ ಅವರು ಬರೀ ಅಡ್ಡಗಲ್ಲು. ಸಂಸದರಾಗಿ ನಮ್ಮ ಜಿಲ್ಲೆಗೆ ಏನು ಮಾಡುತ್ತಿದ್ದರೆಂದು ಯಾರೂ ಕೇಳುವುದಿಲ್ಲ.

ಇದು ಅವರಿಗೆ ಮತ ಹಾಕಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಮಾಡುವ ಅನ್ಯಾಯವೆಂದು ನನಗನಿಸುತ್ತದೆ. ತುರ್ತುಪರಿಸ್ಥಿತಿ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಇಂದಿರಾ ಅವರನ್ನು ತಡೆಯಲೆಂದೇ ಕೆಲವರು ಮತ ಹಾಕಿರಬಹುದು. ಈ ಮನುಷ್ಯ ನಮ್ಮ ಪರವಾಗಿ ಮಾತಾಡಲಿ ಎಂದು ಹಾಕಿದವರೂ ಇದ್ದಿರಬೇಕಲ್ಲ?

ಪಾಟೀಲರು ಮುಂದೆ ಕಾಂಗ್ರೆಸ್ಸಿಗೇ ಮರಳಿದರು, 1989ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ಸೋತವರೂ ನಾವು ಕೊಟ್ಟ ಪಾತ್ರದೊಳಗೆ ನಿಲ್ಲುವುದಿಲ್ಲ. ‘ಹಾಗಾಗಿದ್ದರೆ’ ಎಂದು ಕಲ್ಪಿಸುವಾಗಲಾದರೂ ಅವರನ್ನು ಅವರಾಗಿಯೇ ನೋಡುವಷ್ಟು ಸೌಜನ್ಯ ನಮಗಿರಬೇಕು. ಮತ ಹಾಕುವಾಗಲೂ ಅಷ್ಟೇ.