ಆಜ್ಞೆ ಕೊಟ್ಟವರು, ಆಜ್ಞೆ ಹೊತ್ತವರು

ಆಜ್ಞೆ ಕೊಡುವುದು ಸುಲಭ, ಪಾಲಿಸುವುದು ಕಷ್ಟ ಎಂದು ನಾವೆಲ್ಲ ಹೇಳುತ್ತೇವೆ. ಆದರೆ ಆಜ್ಞೆಯ ಫಲ ಕೆಟ್ಟದ್ದಾದಾಗ ಅದರ ಹೊಣೆ ಯಾರ ತಲೆಗೆ? ಕೊಟ್ಟವನದೋ, ಮಾಡಿದವನದೋ? ಪ್ರಶ್ನೆ ಪುರಾತನವಾದದ್ದೇ. ಈಗ ಅದು ನಮ್ಮ ಮಕ್ಕಳ ಆಟದಲ್ಲಿಯೂ ತಲೆಯೆತ್ತಿದೆ.

ಹುಡುಗರು ಕಂಪ್ಯೂಟರಿನಲ್ಲಿ ಆಡುವ ಯುದ್ಧದಾಟಗಳನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. 1999ರಲ್ಲಿ ಬಂದ 'ಏಜ್ ಆಫ್ ಎಂಪೈರ್ಸ್'ನ ಎರಡನೆಯ ಆಟ ಮಧ್ಯಯುಗದ ಕಾಳಗಗಳದು. ಬಿಲ್ಲಾಳು, ಕತ್ತಿಯಾಳು, ಕುದುರೆ, ಎಲ್ಲವೂ ಆಡುವವನ ಬೆರಳಿಗಾಗಿ ಕಾದು ನಿಂತಿರುತ್ತವೆ. ಅಲ್ಲಿ ಆಜ್ಞೆಗಳು ಎರಡು ಬಗೆ. 'ಅಲ್ಲಿಗೆ ಹೋಗು, ಅವನನ್ನು ಹೊಡೆ' ಎಂಬುದು ಮೊದಲನೆಯದು. ಒಡೆಯನ ಕಣ್ಣು ಬೇರೆ ಕಡೆ ಇದ್ದಾಗ ಹೇಗೆ ನಡೆಯಬೇಕೆಂಬುದು ಎರಡನೆಯದು: ಕಂಡ ಶತ್ರುವನ್ನು ಬೆನ್ನಟ್ಟಬೇಕೋ, ಸ್ವಲ್ಪ ದೂರ ಅಟ್ಟಿ ಹಿಂದಿರುಗಬೇಕೋ, ನಿಂತಲ್ಲೇ ನಿಲ್ಲಬೇಕೋ, ಕೈಯನ್ನೇ ಎತ್ತಬಾರದೋ. 'ನಿಂತಲ್ಲೇ ನಿಲ್ಲು' ಎಂದು ಹೇಳಿ ಒಡೆಯ ಮರೆತನೆನ್ನಿ, ದೂರದಿಂದ ಬಾಣ ಸುರಿಯುತ್ತಿದ್ದರೂ ಕತ್ತಿಯಾಳು ಕದಲದೆ ಸಾಯುತ್ತಾನೆ. 2006ರಲ್ಲಿ ಬಂದ 'ಮೆಡೀವಲ್ ಟೋಟಲ್ ವಾರ್'ನ ಎರಡನೆಯ ಆಟದಲ್ಲಿ ಸೈನಿಕರ ಧೈರ್ಯಕ್ಕೂ ಲೆಕ್ಕವಿದೆ. ಅದು ಮುರಿದರೆ ಅವರು ಓಡುತ್ತಾರೆ, ಆಗ ಒಡೆಯನ ಮಾತು ನಡೆಯುವುದಿಲ್ಲ. ಭಯವನ್ನು ಲೆಕ್ಕಕ್ಕೆ ಹಿಡಿದ ಈ ಆಟವೇ ಸತ್ಯಕ್ಕೆ ಹೆಚ್ಚು ಹತ್ತಿರವೆಂದು ನಮಗೆ ತೋರುತ್ತದೆ.

ಹಾಗೆಂದು ಆಟವನ್ನು ದೂರುವುದು ನಮ್ಮ ಉದ್ದೇಶವಲ್ಲ. ಚದುರಂಗದಲ್ಲಿ ನಮ್ಮ ಹಿರಿಯರು ಎಷ್ಟು ಕಾಲಾಳುಗಳನ್ನು ಬಲಿ ಕೊಟ್ಟಿಲ್ಲ! ಆಟದ ಆಳಿಗೆ ಮನೆಯಿಲ್ಲ, ಎದುರುಮಾತಿಲ್ಲ. ನಿಜವಾದ ಕಾಳಗದಲ್ಲಿ ಆಳಿಗೆ ಎರಡೂ ಇವೆ.

ನಾಸಿಕದ ಪಂಚವಟಿಯಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ರಾಮಶೇಜ್ ಕೋಟೆಯಿದೆ. ಶ್ರೀರಾಮನು ಮಲಗಿದ ಸ್ಥಳವೆಂದು ಜನರ ನಂಬಿಕೆ, ಹೆಸರೂ ಅದರಿಂದಲೇ. 1682ರಲ್ಲಿ ಔರಂಗಜೇಬನ ಸೇನೆ ಇದಕ್ಕೆ ಮುತ್ತಿಗೆ ಹಾಕಿತು. ಇಷ್ಟು ಸಣ್ಣ ಕೋಟೆ ಐದು ವರ್ಷಗಳಿಗೂ ಮಿಕ್ಕಿ ಕೈಗೆ ಸಿಗಲಿಲ್ಲ. ಒಳಗಿನ ಮರಾಠರು ಮರದ ದಿಮ್ಮಿಗಳನ್ನು ಕೊರೆದು ಚರ್ಮ ಸುತ್ತಿ ತೋಪು ಮಾಡಿಕೊಂಡರೆಂದು ಚರಿತ್ರಕಾರ ಖಾಫಿ ಖಾನ್ ಬರೆದಿದ್ದಾನೆ. ಮೊಗಲ ಸೇನಾಪತಿ ಒಂದು ಕಡೆ ಗದ್ದಲವೆಬ್ಬಿಸಿ, ಇನ್ನೊಂದು ಕಡೆಯಿಂದ ಆಳುಗಳನ್ನು ಹಗ್ಗದ ಮೇಲೆ ಗುಟ್ಟಾಗಿ ಹತ್ತಿಸುವ ಉಪಾಯ ಹೂಡಿದನೆಂದೂ, ಒಳಗಿನವರು ಅದನ್ನು ಮೊದಲೇ ಅರಿತು ಹತ್ತಿದವರನ್ನು ಕೆಳಕ್ಕೆ ಉರುಳಿಸಿದರೆಂದೂ ಅವನೇ ಹೇಳುತ್ತಾನೆ. ಉಪಾಯ ಹೊಳೆದದ್ದು ಡೇರೆಯಲ್ಲಿ, ಅದರ ಬೆಲೆ ತೆತ್ತದ್ದು ಬಂಡೆಯ ಮೇಲೆ. ಸೇನಾಪತಿಗಳ ಹೆಸರು ಇತಿಹಾಸದಲ್ಲಿ ಉಳಿದಿದೆ. ಹಗ್ಗ ಹಿಡಿದವರ ಹೆಸರನ್ನು ಯಾರು ಬಲ್ಲರು? ನಮ್ಮ ಕನ್ನಡ ನಾಡಿನ ವೀರಗಲ್ಲುಗಳ ಹಿರಿಮೆ ಇರುವುದು ಇಲ್ಲಿಯೇ. ಅರಸನಿಗಾಗಿ, ಊರಿಗಾಗಿ, ತುರುವಿಗಾಗಿ ಸತ್ತ ಸಾಮಾನ್ಯನ ಹೆಸರನ್ನೂ ಅವು ಹೇಳುತ್ತವೆ.

ಇನ್ನು ಪಂಚವಟಿಯ ಕಥೆಗೇ ಬರೋಣ. ಸೀತಾಪಹರಣದ ಪ್ರಸಂಗದಲ್ಲಿ ಆಜ್ಞೆ ಹೊತ್ತವರು ಇಬ್ಬರು. ಮಾರೀಚನನ್ನು ನಾವು ಮಾಯಾಮೃಗವೆಂದಷ್ಟೇ ನೆನೆಯುತ್ತೇವೆ. ಆದರೆ ವಾಲ್ಮೀಕಿಯ ಮಾರೀಚ ಮೊದಲು ರಾವಣನಿಗೆ ಬುದ್ಧಿ ಹೇಳಿದವನು. 'ಇದರಿಂದ ನಿನ್ನ ಕುಲವೇ ಅಳಿದೀತು' ಎಂದು ಎಚ್ಚರಿಸಿದನು. ರಾವಣ ಕೇಳಲಿಲ್ಲ, ಒಪ್ಪದಿದ್ದರೆ ಕೊಲ್ಲುವೆನೆಂದನು. ಮಾರೀಚ ಹೊರಟನು, ಸತ್ತನು. ಎದುರುಮಾತನ್ನು ಹೇಳಿಯಾಯಿತು, ಆಮೇಲೆ ಮಾಡಿದ್ದು ತನ್ನದಲ್ಲ ಎನ್ನಬಹುದೇ? ಎನ್ನಲಾಗದು. ಸಾಯುವಾಗ ರಾಮನ ದನಿಯಲ್ಲಿ ಕೂಗಿದ ಬಾಯಿ ಅವನದೇ.

ಲಕ್ಷ್ಮಣನ ಕಷ್ಟ ಬೇರೆ. ಸೀತೆಯನ್ನು ಕಾಯಬೇಕೆಂಬುದು ಅಣ್ಣನ ಆಜ್ಞೆ. ಕೂಗು ಕೇಳಿದ ಮೇಲೆ ಹೋಗೆಂಬುದು ಅತ್ತಿಗೆಯ ಆಜ್ಞೆ. ಕೂಗು ರಾಕ್ಷಸರ ಮೋಸವೆಂದು ಅವನು ಬಲ್ಲ, ಹಾಗೆಂದು ಹೇಳಿಯೂ ನೋಡಿದ. ಕಟುನುಡಿ ತಾಳಲಾರದೆ ಹೊರಟುಹೋದ. ಆಜ್ಞೆ ಕೊಟ್ಟ ಅಣ್ಣ ಕಾಡಿನಲ್ಲಿ ದೂರವಿದ್ದಾನೆ, ಹೊಸ ಸಂದರ್ಭ ಅವನಿಗೆ ಕಾಣದು. ಕಾಣುವವನು ಲಕ್ಷ್ಮಣನೊಬ್ಬನೇ. ಎಂಥ ಆಜ್ಞೆಯೂ ಮುಂದೆ ಬರುವುದನ್ನೆಲ್ಲ ಕಾಣಲಾರದು. ಉಳಿದದ್ದನ್ನು ಸ್ಥಳದಲ್ಲಿರುವವನ ವಿವೇಕವೇ ತುಂಬಬೇಕು.

ಕೇಂದ್ರ ಸರಕಾರದ ನೌಕರರಾದ ನಮಗೆ ಇದು ಬರಿಯ ಪುರಾಣವಲ್ಲ. 1964ರ ನಡತೆ ನಿಯಮಗಳ ಮೂರನೆಯ ನಿಯಮವು ನೌಕರನು ತನ್ನ ವಿವೇಕದಂತೆ ನಡೆಯಬೇಕೆನ್ನುತ್ತದೆ, ಮೇಲಧಿಕಾರಿಯ ನಿರ್ದೇಶನವಿದ್ದಾಗ ಮಾತ್ರ ಹೊರತು. ಆ ನಿರ್ದೇಶನವೂ ಸಾಮಾನ್ಯವಾಗಿ ಬರಹದಲ್ಲಿರಬೇಕು, ಬಾಯಿಮಾತಿನಲ್ಲಿ ಕೊಟ್ಟರೆ ಬಳಿಕ ಬರೆದು ದೃಢಪಡಿಸಬೇಕು. ಇದರಲ್ಲಿ ಆಳವಾದ ಧರ್ಮವಿದೆ. ಆಜ್ಞೆ ಕೊಟ್ಟವನು ತನ್ನ ಹೆಸರನ್ನು ಅದರ ಕೆಳಗೆ ಇಡಬೇಕು. ಇನ್ನು ಕೈಕೆಳಗಿನವನ ಮಾತು. ಎರಡನೆಯ ಮಹಾಯುದ್ಧದ ನಂತರ, 1945-46ರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ 'ಮೇಲಿನವರ ಆಜ್ಞೆ' ಎಂಬ ಸಮಜಾಯಿಷಿ ಯಾರನ್ನೂ ಹೊಣೆಯಿಂದ ಬಿಡಿಸಲಿಲ್ಲ.

ನಮ್ಮ ಸಂಘದ ಎಷ್ಟೋ ಮನೆಗಳನ್ನು ಈ ಊರಿಗೆ ತಂದದ್ದು ವರ್ಗಾವಣೆಯ ಒಂದು ಹಾಳೆ. ಅದರಲ್ಲಿ ಹೆಸರು, ಹುದ್ದೆ, ಊರು, ಹಾಜರಾಗಬೇಕಾದ ದಿನ ಇರುತ್ತವೆ. ಊರಲ್ಲೇ ಉಳಿದ ಮುದಿ ತಾಯಿ, ವರ್ಷದ ನಡುವೆ ಶಾಲೆ ಬಿಟ್ಟ ಮಗಳು ಅದರಲ್ಲಿ ಇರುವುದಿಲ್ಲ. ಆಡಳಿತ ನಡೆಯಬೇಕಾದರೆ ವರ್ಗಾವಣೆ ಬೇಕು, ನಿಜ. ಆದರೆ ಆ ಹಾಳೆಯನ್ನು ಸಿದ್ಧಪಡಿಸುವವರೂ ನಮ್ಮಂಥ ಗುಮಾಸ್ತರೇ. ಬಲಕ್ಕೆ ಪ್ರತಿಬಲವುಂಟೆಂದು ನಾವು ವಿಜ್ಞಾನದಲ್ಲಿ ಓದಿದ್ದೇವೆ. ಆಜ್ಞೆಗೂ ಪ್ರತಿಮಾತಿಗೆ ಎಡೆ ಬೇಡವೇ? ಅರ್ಜಿಯೊಂದು ಬಂದಾಗ ಅದನ್ನು ಕಡತದ ತಳಕ್ಕೆ ಸೇರಿಸದೆ ಮೇಲಿನವರ ಕಣ್ಣಿಗೆ ಬೀಳುವಂತೆ ಇಡುವುದು ನಮ್ಮ ಕೈಯಲ್ಲಿದೆ. ಮನೆಯಲ್ಲಿಯೂ ಅಷ್ಟೆ. 'ಹೇಳಿದಷ್ಟು ಮಾಡು' ಎಂದು ಮಕ್ಕಳ ಬಾಯಿ ಮುಚ್ಚಿಸುವ ಮೊದಲು ಅವರ ಮಾತನ್ನೂ ಕೇಳೋಣ.

ಆಟ ಮುಗಿದಾಗ 'ಏಜ್ ಆಫ್ ಎಂಪೈರ್ಸ್' ಒಂದು ಲೆಕ್ಕಪಟ್ಟಿ ತೋರಿಸುತ್ತದೆ. ಕೊಂದವರೆಷ್ಟು, ಕಳೆದುಕೊಂಡವರೆಷ್ಟು, ಎರಡೂ ಅದರಲ್ಲಿವೆ. 'ಗೆದ್ದೆಯಾ ಮಗು?' ಎಂದು ಕೇಳುವುದರ ಜೊತೆಗೆ 'ನಿನ್ನವರು ಎಷ್ಟು ಜನ ಹೋದರು?' ಎಂದೂ ಕೇಳಿದರೆ ತಪ್ಪಿಲ್ಲ. ನಾಳೆ ಅವನೂ ಎಲ್ಲೋ ಒಂದು ಕುರ್ಚಿಯಲ್ಲಿ ಕುಳಿತು ಆಜ್ಞೆ ಕೊಡುವವನೇ ತಾನೆ?